ಎರಡನೇ ಒದೆತ: ಕಾಲೇಜು ಸಾಫ್ಟ್‌ಬಾಲಿನಲ್ಲಿ ಇಲ್ಲೀಗಲ್ ಪಿಚ್ ಹಿಡಿಯುವ ಕೆಲಸ

(ಉಪನ್ಯಾಸದ ಬರಹ ರೂಪ)

ಸಾಫ್ಟ್‌ಬಾಲ್ ಬೇಸ್‌ಬಾಲಿನ ಸೋದರ ಆಟ; ಅದರಲ್ಲಿ ಚೆಂಡು ಎಸೆಯುವವಳು ಪಿಚರ್, ಅವಳ ಎಸೆತ ಪಿಚ್, ನಿಯಮ ಮೀರಿದ ಎಸೆತ ಇಲ್ಲೀಗಲ್ ಪಿಚ್. ಇಲ್ಲೀಗಲ್ ಪಿಚ್ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ನಿಯಮದಿಂದ ಶುರುಮಾಡುತ್ತಾರೆ. ನಾವು ದಂಡನೆಯಿಂದ ಶುರುಮಾಡುತ್ತೇವೆ. ಅಮೆರಿಕದ ಕಾಲೇಜು ಸಾಫ್ಟ್‌ಬಾಲಿನಲ್ಲಿ ಈ ನಿಯಮ ಬಹುಕಾಲ ಪುಸ್ತಕದಲ್ಲಿದ್ದೂ ಮೈದಾನದಲ್ಲಿ ಅರ್ಧಂಬರ್ಧವಾಗಿ ನಡೆದದ್ದಕ್ಕೆ ದೊಡ್ಡ ಕಾರಣ ಅದೇ.

ಏಳನೇ, ಅಂದರೆ ಕೊನೆಯ ಇನಿಂಗ್ಸ್, ಸ್ಕೋರು ಸಮ, ಆತಿಥೇಯ ತಂಡದ ಬ್ಯಾಟಿಂಗ್, ಮೂರನೇ ಬೇಸಿನಲ್ಲಿ ರನ್ನರ್. ಪಿಚರ್‌ಳ ಹಿಂಗಾಲು ತಪ್ಪಾಗಿ ಊರಿದ್ದು ಅಂಪೈರಿಗೆ ಕಂಡಿದೆ. ಹಳೆಯ ನಿಯಮದ ಪ್ರಕಾರ ಅವರು ಕೈ ಚಾಚಿ ಇಲ್ಲೀಗಲ್ ಎಂದು ಸಾರಿದರೆ ಬ್ಯಾಟರ್‌ಗೆ ಒಂದು ‘ಬಾಲ್’ (ಬ್ಯಾಟರ್ ಪರವಾದ ಎಣಿಕೆ, ನಾಲ್ಕಾದರೆ ಅವಳಿಗೆ ಮೊದಲ ಬೇಸ್) ಸಿಗುತ್ತಿತ್ತು, ಅದರ ಜೊತೆ ಬೇಸಿನ ಮೇಲಿದ್ದ ಪ್ರತಿಯೊಬ್ಬ ರನ್ನರ್ ಒಂದೊಂದು ಬೇಸ್ ಮುಂದೆ ಹೋಗುತ್ತಿದ್ದಳು. ಅಂದರೆ ಮೂರನೇ ಬೇಸಿನವಳು ಗೆಲುವಿನ ರನ್ ಗಳಿಸಿ, ಬ್ಯಾಟಿಗೆ ಚೆಂಡು ತಾಗದೆಯೇ ಪಂದ್ಯ ಮುಗಿದುಹೋಗುತ್ತಿತ್ತು. ಅರ್ಧ ಅಂಗುಲದ ಒಂದು ತೀರ್ಪಿನಿಂದ ಪಂದ್ಯ ಮುಗಿಸುವ ಧೈರ್ಯ ಎಷ್ಟು ಜನರಿಗೆ ಬರುತ್ತದೆ? ಹಾಗಾಗಿ ಮೊದಲ ಇನಿಂಗ್ಸಿನಲ್ಲಿ ಎರಡು ಸಲ ಹಿಡಿದವರೇ ಏಳನೆಯದರಲ್ಲಿ ಕೈ ಕೆಳಗಿಟ್ಟುಕೊಂಡು ನಿಲ್ಲುತ್ತಿದ್ದರು. ಇನ್ನು ಕೆಲವರು, ಏಳನೆಯದರಲ್ಲಿ ಇಕ್ಕಟ್ಟಾಗುತ್ತದೆಂದು ಮೊದಲನೆಯದರಲ್ಲೂ ಹಿಡಿಯುತ್ತಿರಲಿಲ್ಲ.

ಈಗ ರನ್ನರ್‌ಗಳನ್ನು ಮುಂದೆ ಕಳಿಸುವ ಭಾಗ ತೆಗೆದುಹಾಕಿದ್ದಾರೆ. ದಂಡ ಒಂದೇ: ಬ್ಯಾಟರ್‌ಗೆ ಒಂದು ಬಾಲ್. ಅದು ನಾಲ್ಕನೇ ಬಾಲ್ ಆದರೆ ಬ್ಯಾಟರ್ ಮೊದಲ ಬೇಸಿಗೆ ಹೋಗುತ್ತಾಳೆ. ಅವಳಿಗೆ ಜಾಗ ಬಿಡಬೇಕಾದ ರನ್ನರ್‌ಗಳು ಮಾತ್ರ ಸರಿಯುತ್ತಾರೆ. ದಂಡ ಹಗುರವಾದ ಮೇಲೆ ನೋಡಿಯೂ ನೋಡದಂತಿರಲು ಅಂಪೈರಿಗೆ ಉಳಿದಿದ್ದ ಕಾರಣವೂ ಹೋಯಿತು. ಇವತ್ತಿನ ಮಾತೆಲ್ಲ ಇದರ ಸುತ್ತಲೇ ಇದೆ. ಸಣ್ಣ ದಂಡವನ್ನು ಮೊದಲ ಎಸೆತದಿಂದ ಕೊನೆಯ ಎಸೆತದವರೆಗೆ ಒಂದೇ ಅಳತೆಯಲ್ಲಿ ಹಾಕಬೇಕು. ಹಾಗೆ ಹಾಕಬೇಕಾದರೆ ಏನನ್ನು ನೋಡಬೇಕು, ಎಲ್ಲಿಂದ ನೋಡಬೇಕು, ಕಂಡಮೇಲೆ ಏನು ಮಾಡಬೇಕು ಎಂಬುದು ಸ್ಪಷ್ಟವಾಗಿರಬೇಕು.

ಮೊದಲು ಅಳತೆಗಳು. ಕಾಲೇಜು ಸಾಫ್ಟ್‌ಬಾಲಿನಲ್ಲಿ ಪಿಚಿಂಗ್ ಪ್ಲೇಟಿನಿಂದ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿಗೆ 43 ಅಡಿ, ಅಂದರೆ 13.1 ಮೀಟರ್. ಪಿಚಿಂಗ್ ಪ್ಲೇಟ್ 24 ಅಂಗುಲ ಉದ್ದ, 6 ಅಂಗುಲ ಅಗಲದ ಬಿಳಿ ರಬ್ಬರ್ ಹಲಗೆ. ಅದರ ಸುತ್ತ 8 ಅಡಿ ತ್ರಿಜ್ಯದ ವೃತ್ತ. ಬೇಸ್‌ಬಾಲಿನಂತೆ ಇಲ್ಲಿ ಮಣ್ಣಿನ ದಿಬ್ಬ ಇಲ್ಲ, ನೆಲ ಸಮತಟ್ಟು. ಚೆಂಡಿನ ಸುತ್ತಳತೆ 12 ಅಂಗುಲ.

ಒಳ್ಳೆಯ ಕಾಲೇಜು ಪಿಚರ್ ಗಂಟೆಗೆ 70 ಮೈಲಿಯ ಹತ್ತಿರ ಎಸೆಯುತ್ತಾಳೆ; ಕಿಲೋಮೀಟರಿನಲ್ಲಿ ಸುಮಾರು 112. ಉದ್ದನೆಯ ದಾಪುಗಾಲು ಹಾಕಿ ಬಿಡುವುದರಿಂದ ಚೆಂಡು ಕೈಬಿಡುವ ಜಾಗ ಪಿಚಿಂಗ್ ಪ್ಲೇಟಿಗಿಂತ ಸುಮಾರು 6 ಅಡಿ ಮುಂದಿರುತ್ತದೆ. ಉಳಿದ 37 ಅಡಿ ದಾಟಲು ಆ ಚೆಂಡಿಗೆ ಸುಮಾರು 0.36 ಸೆಕೆಂಡು ಸಾಕು. ಅವಳು ನಡುವೆ ಇನ್ನೊಂದು ಸಲ ಕಾಲೂರಿ 2 ಅಡಿ ಮುಂದೆ ಬಂದು ಎಸೆದರೆ ದೂರ 35 ಅಡಿಗೆ ಇಳಿಯುತ್ತದೆ, ಸಮಯ 0.34 ಸೆಕೆಂಡಿಗೆ. 70 ಮೈಲಿಯ ಚೆಂಡು ಬ್ಯಾಟರ್‌ಳ ಪಾಲಿಗೆ 74 ಮೈಲಿಯ ಚೆಂಡಾಗುತ್ತದೆ. ಇದು ದೂರದ ಲಾಭವಷ್ಟೇ. ಎರಡನೇ ಸಲ ನೆಲ ಒದ್ದದ್ದರಿಂದ ಬರುವ ವೇಗ ಇದರ ಮೇಲೆ. ವೇಗಕ್ಕಿಂತ ಹೆಚ್ಚು ಕಾಡುವುದು ಲಯ: ಬ್ಯಾಟರ್ ತನ್ನ ತಯಾರಿಯನ್ನು ಪಿಚರ್‌ಳ ಮೊದಲ ಒದೆತಕ್ಕೆ ಹೊಂದಿಸಿಕೊಂಡಿರುತ್ತಾಳೆ, ನಡುವೆ ಇನ್ನೊಂದು ಒದೆತ ಬಂದರೆ ಅವಳ ಲೆಕ್ಕ ತಪ್ಪುತ್ತದೆ. ಇಲ್ಲೀಗಲ್ ಪಿಚ್ ನಿಯಮ ಕಾಪಾಡುವುದು ಬ್ಯಾಟರ್‌ಳ ಈ ಸಮಯವನ್ನು. ಅದು ಬರೀ ಶೈಲಿಯ ವಿಷಯವಲ್ಲ.

ಕ್ರಮಬದ್ಧ ಪಿಚ್ ಹೀಗೆ ನಡೆಯುತ್ತದೆ. ಪಿಚರ್ ಎರಡೂ ಕಾಲು ನೆಲದ ಮೇಲಿಟ್ಟು ನಿಲ್ಲುತ್ತಾಳೆ. ಎಸೆಯುವ ಕೈಯ ಕಡೆಯ ಕಾಲು, ಅಂದರೆ ಪಿವಟ್ ಕಾಲು (ಹೆಜ್ಜೆ ಹಾಕಿದಾಗ ಹಿಂಗಾಲಾಗುವುದು ಇದೇ), ಪಿಚಿಂಗ್ ಪ್ಲೇಟಿಗೆ ತಾಗಿರಬೇಕು. ಇನ್ನೊಂದು ಕಾಲು ಪ್ಲೇಟಿನ ಮೇಲೆ ಅಥವಾ ಹಿಂದೆ. ಕೈಗಳು ಬೇರೆಬೇರೆ ಇರುವಾಗಲೇ ಹೋಮ್ ಪ್ಲೇಟಿನ ಹಿಂದೆ ಕೂರುವ ಕ್ಯಾಚರ್‌ಳಿಂದ ಸನ್ನೆ ಪಡೆಯುತ್ತಾಳೆ, ಇಲ್ಲವೇ ಪಡೆದಂತೆ ಕಾಣಿಸಿಕೊಳ್ಳುತ್ತಾಳೆ. ಆಮೇಲೆ ಚೆಂಡು ಹಿಡಿದ ಕೈಯನ್ನೂ ಗ್ಲವ್‌ನ್ನೂ ಒಂದುಗೂಡಿಸುತ್ತಾಳೆ. ಕೈಗಳು ಬೇರೆಯಾದ ಕೂಡಲೇ ಪಿಚ್ ಶುರುವಾಯಿತು ಎಂದರ್ಥ. ಅಲ್ಲಿಂದ ಮುಂದೆ ನಿಲ್ಲಿಸುವಂತಿಲ್ಲ, ಹಿಂದಕ್ಕೆ ಹೋಗುವಂತಿಲ್ಲ. ಮನಸ್ಸು ಬದಲಾದರೆ ಅದಕ್ಕೂ ಮೊದಲೇ ಪ್ಲೇಟಿನಿಂದ ಹಿಂದಕ್ಕೆ ಇಳಿಯಬೇಕು. ಪಿಚ್ ಶುರುವಾದ ಮೇಲೆ ತೋಳು ಗಾಳಿಗಿರಣಿಯ ರೆಕ್ಕೆಯಂತೆ ಸುತ್ತುತ್ತದೆ. ಮುಂದಕ್ಕೆ ಒಂದೇ ಹೆಜ್ಜೆ, ಬ್ಯಾಟರ್‌ಳ ಕಡೆಗೆ, ಪ್ಲೇಟಿನ 24 ಅಂಗುಲದ ಉದ್ದದೊಳಗೆ. ಚೆಂಡು ಕೆಳಗಿನಿಂದ, ಸೊಂಟದ ಮಟ್ಟಕ್ಕಿಂತ ಕೆಳಗೆ ಕೈಬಿಡಬೇಕು.

ಈ ಸರಣಿಯಲ್ಲಿ ಎಲ್ಲಿ ತಪ್ಪಿದರೂ ಇಲ್ಲೀಗಲ್ ಪಿಚ್. ಉದ್ದೇಶ ಏನೆಂಬ ಪ್ರಶ್ನೆ ಬರುವುದಿಲ್ಲ. ಕ್ರಿಕೆಟ್ಟಿನಲ್ಲಿ ಬೌಲರ್ ಬೇಕೆಂದೇ ಗೆರೆ ದಾಟಿದನೋ ಕಾಲು ಜಾರಿತೋ ಎಂದು ನೋ ಬಾಲ್ ಕೊಡುವವರು ಕೇಳುವುದಿಲ್ಲವಲ್ಲ, ಇಲ್ಲೂ ಹಾಗೆಯೇ.

ಹಾರುವುದು ಬೇರೆ, ಊರಿ ಒದೆಯುವುದು ಬೇರೆ

ಈ ವಿಷಯದಲ್ಲಿ ಅತಿ ಹೆಚ್ಚು ಗೊಂದಲ ಇರುವುದು ಹಿಂಗಾಲಿನ ಬಗ್ಗೆ, ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಬಹಳ ವರ್ಷ ಮಹಿಳೆಯರ ಕಾಲೇಜು ಆಟದಲ್ಲಿ ಎರಡು ತಪ್ಪುಗಳಿದ್ದವು. ಒಂದು ಲೀಪ್: ಪ್ಲೇಟಿನಿಂದ ಚಿಮ್ಮಿದಾಗ ಎರಡೂ ಪಾದ ಏಕಕಾಲಕ್ಕೆ ಗಾಳಿಯಲ್ಲಿರುವುದು. ಇನ್ನೊಂದು ಕ್ರೋ ಹಾಪ್: ಚಿಮ್ಮಿದ ಮೇಲೆ ಪಿವಟ್ ಕಾಲನ್ನು ಪ್ಲೇಟಿಗಿಂತ ಮುಂದೆ ಮತ್ತೆ ಊರಿ, ಅಲ್ಲಿಂದ ಎರಡನೇ ಸಲ ಒದ್ದು ಎಸೆಯುವುದು. ಲೀಪ್ ತಪ್ಪಾಗಿದ್ದರಿಂದ ಪಿಚರ್‌ಗಳು ಹಿಂಗಾಲಿನ ಬೆರಳ ತುದಿಯನ್ನು ನೆಲಕ್ಕೆ ಉಜ್ಜುತ್ತಲೇ ಎಸೆಯಬೇಕಾಗಿತ್ತು. ಶೂಸಿನ ತುದಿಗೂ ಮಣ್ಣಿಗೂ ಕೂದಲೆಳೆಯಷ್ಟು ಅಂತರವಿದೆಯೇ ಇಲ್ಲವೇ ಎಂಬುದನ್ನು ಅಂಪೈರ್ ಸುಮಾರು 42 ಅಡಿ ದೂರದ ಬೇಸಿನ ಬಳಿ ನಿಂತು ಹೇಳಬೇಕಾಗಿತ್ತು. ಇದು ಮನುಷ್ಯನ ಕಣ್ಣಿನಿಂದ ನ್ಯಾಯವಾಗಿ ಆಗುವ ಕೆಲಸವಲ್ಲ.

2024ರ ಋತುವಿನಿಂದ ಕಾಲೇಜು ಆಟದಲ್ಲಿ ಲೀಪ್ ತಪ್ಪಲ್ಲ. ಪುರುಷರ ಫಾಸ್ಟ್‌ಪಿಚ್ ಸಾಫ್ಟ್‌ಬಾಲಿನಲ್ಲಿ ಅದಕ್ಕೆ ಬಹಳ ಹಿಂದಿನಿಂದಲೂ ಅವಕಾಶವಿತ್ತು. ಈಗ ಮಹಿಳಾ ಪಿಚರ್‌ಳ ಎರಡೂ ಪಾದ ನೆಲ ಬಿಟ್ಟರೂ ಅಡ್ಡಿಯಿಲ್ಲ. ಆದರೆ ಕ್ರೋ ಹಾಪ್, ಅಂದರೆ ರೀಪ್ಲಾಂಟ್, ಹಿಂದಿನಷ್ಟೇ ತಪ್ಪು. ನಮ್ಮ ಅಭಿಪ್ರಾಯದಲ್ಲಿ ಇದು ಸರಿಯಾದ ಬದಲಾವಣೆ. ಕಾರಣ ಸರಳ ಭೌತಶಾಸ್ತ್ರ: ಮುಂದೆ ನೂಕುವ ಬಲ ನೆಲದಿಂದ ಬರಬೇಕು. ಗಾಳಿಯಲ್ಲಿರುವ ಕಾಲು ಯಾವುದನ್ನೂ ಒದೆಯಲಾರದು. ಲೀಪ್ ಮಾಡುವ ಪಿಚರ್ ತನ್ನ ಬಲವನ್ನೆಲ್ಲ ಪ್ಲೇಟಿನಿಂದಲೇ ಪಡೆದಿರುತ್ತಾಳೆ, 43 ಅಡಿಯ ಒಪ್ಪಂದವನ್ನು ಮೀರಿರುವುದಿಲ್ಲ. ಕ್ರೋ ಹಾಪ್ ಮಾಡುವವಳು ಪ್ಲೇಟಿಗಿಂತ ಒಂದೆರಡು ಅಡಿ ಮುಂದೆ ತನಗೊಂದು ಹೊಸ ಪ್ಲೇಟ್ ಮಾಡಿಕೊಂಡಿರುತ್ತಾಳೆ. ಮೀರುವಿಕೆ ಇರುವುದು ಅಲ್ಲಿ.

ಹಾಗಾದರೆ ಇವೆರಡನ್ನು ಮೈದಾನದಲ್ಲಿ ಬೇರ್ಪಡಿಸುವುದು ಹೇಗೆ? ಪಾದ ನೆಲದಿಂದ ಎಷ್ಟು ಮೇಲಿದೆ ಎಂದು ನೋಡುವ ಹಳೆಯ ಚಾಳಿ ಬಿಡಬೇಕು. ಯಾವ ಪಾದ ಮೊದಲು ಇಳಿಯಿತು, ಇಳಿದ ಪಾದ ಭಾರ ಹೊತ್ತಿತೇ ಎಂಬುದನ್ನು ನೋಡಬೇಕು. ಕ್ರಮಬದ್ಧ ಲೀಪ್‌ನಲ್ಲಿ ಮುಂಗಾಲು ಇಳಿದು ದೇಹದ ಭಾರ ಹೊರುತ್ತದೆ. ಹಿಂಗಾಲು ಅದರ ಜೊತೆಗೋ ಆಮೇಲೋ ಬಂದು ಬೆರಳ ತುದಿಯಲ್ಲಿ ನೆಲ ಸವರುತ್ತದೆ. ಕ್ರೋ ಹಾಪ್‌ನಲ್ಲಿ ಮುಂಗಾಲು ಇನ್ನೂ ಗಾಳಿಯಲ್ಲಿರುವಾಗಲೇ ಹಿಂಗಾಲು ನೆಲ ಕಚ್ಚುತ್ತದೆ, ಮಂಡಿ ಮತ್ತೊಮ್ಮೆ ಬಾಗುತ್ತದೆ, ಸೊಂಟ ಒಂದಿಷ್ಟು ತಗ್ಗಿ ಮತ್ತೆ ಏಳುತ್ತದೆ, ಅಲ್ಲಿಂದ ದೇಹ ಎರಡನೇ ಸಲ ಮುಂದಕ್ಕೆ ಚಿಮ್ಮುತ್ತದೆ. ಈ ಮಂಡಿ ಬಾಗುವಿಕೆ ಮತ್ತು ಸೊಂಟದ ಇಳಿತ ಪಾದಕ್ಕಿಂತ ಸುಲಭವಾಗಿ ಕಾಣುತ್ತವೆ. ಹೊಸ ಅಂಪೈರ್‌ಗಳು ಪಾದವನ್ನೇ ದಿಟ್ಟಿಸಿ ನೋಡಿ ಸೋಲುತ್ತಾರೆ. ಮಂಡಿಯಿಂದ ಪಾದದವರೆಗಿನ ಇಡೀ ಕಾಲನ್ನು ಒಂದೇ ನೋಟದಲ್ಲಿ ಹಿಡಿದರೆ ಎರಡನೇ ಒದೆತ ತಾನಾಗಿ ಕಾಣುತ್ತದೆ.

ತೋಳಿನಿಂದಲೂ ಒಂದು ಸುಳಿವು ಸಿಗುತ್ತದೆ. ಪ್ಲೇಟಿನಿಂದಲೇ ಬಲ ತೆಗೆಯುವವಳ ತೋಳಿನ ಸುತ್ತು ಆ ಒದೆತದ ಜೊತೆಗೇ ಹೊರಟಿರುತ್ತದೆ. ಕ್ರೋ ಹಾಪ್ ಮಾಡುವವಳ ತೋಳು ತಡವಾಗಿ ಹೊರಡುತ್ತದೆ, ಏಕೆಂದರೆ ಅದು ಕಾಯುತ್ತಿರುವುದು ಎರಡನೇ ಒದೆತಕ್ಕೆ. ದೇಹ ಪ್ಲೇಟು ಬಿಟ್ಟು ಮುಂದೆ ಹೋಗಿಯಾಗಿದೆ, ತೋಳು ಇನ್ನೂ ಕೆಳಗೇ ಇದೆ ಎಂದರೆ ಮುಂದಿನ ಎಸೆತದಲ್ಲಿ ಹಿಂಗಾಲಿನ ಮೇಲೆ ಕಣ್ಣಿಡಿ. ಸುಳಿವಿನ ಮೇಲೆ ಕೈ ಚಾಚಬಾರದು, ಕಂಡದ್ದರ ಮೇಲೆ ಮಾತ್ರ.

ಮೂರನೆಯದು ನೆಲದ ಸಾಕ್ಷಿ. ಉಜ್ಜಿದ ಕಾಲು ಪ್ಲೇಟಿನಿಂದ ಮುಂದಕ್ಕೆ ಒಂದು ಉದ್ದ ಗೀಟು ಬಿಡುತ್ತದೆ. ಲೀಪ್ ಮಾಡಿದಾಗ ಗೀಟಿನ ನಡುವೆ ಖಾಲಿ ಜಾಗ ಇರಬಹುದು, ಆಮೇಲೆ ತೆಳುವಾದ ಸವರು ಗುರುತು. ರೀಪ್ಲಾಂಟ್ ಆದರೆ ಪ್ಲೇಟಿಗಿಂತ ಮುಂದೆ ಸ್ಪೈಕ್‌ಗಳು ಅಗೆದ ಆಳವಾದ ಗುಳಿ ಕಾಣುತ್ತದೆ, ಅದರ ಹಿಂಬದಿಯ ಅಂಚಿನಲ್ಲಿ ಮಣ್ಣು ಹಿಂದಕ್ಕೆ ತಳ್ಳಲ್ಪಟ್ಟಿರುತ್ತದೆ. ಇನಿಂಗ್ಸ್ ನಡುವೆ ವೃತ್ತದ ಹತ್ತಿರ ಹಾದುಹೋಗುವ ಅಂಪೈರ್ ಒಂದು ಕಣ್ಣು ಹಾಯಿಸಿದರೆ ಸಾಕು. ಆದರೆ ಒಂದು ವೃತ್ತವನ್ನು ಇಬ್ಬರು ಪಿಚರ್‌ಗಳು ಬಳಸುತ್ತಾರೆ. ಯಾರ ಗುರುತು ಎಂದು ಗೊತ್ತಿಲ್ಲದೆ ಅದರ ಮೇಲೆ ತೀರ್ಮಾನ ಕಟ್ಟುವಂತಿಲ್ಲ.

ಗುಳಿಯ ಮಾತು ಬಂದಿದ್ದರಿಂದ ಮೈದಾನದ ಸಿಬ್ಬಂದಿಗೂ ಒಂದು ಮಾತು. ಪ್ಲೇಟಿನ ಮುಂದೆ ಎಲ್ಲ ಪಿಚರ್‌ಗಳೂ ಒದೆಯುವ ಜಾಗದಲ್ಲಿ ಎರಡು ಮೂರು ಇನಿಂಗ್ಸಿನಲ್ಲೇ ಕುಳಿ ಬೀಳುತ್ತದೆ. ಲೀಪ್ ತಪ್ಪಾಗಿದ್ದ ಕಾಲದಲ್ಲಿ ಈ ಕುಳಿ ದೊಡ್ಡ ತಲೆನೋವಾಗಿತ್ತು: ಪಾದ ನೆಲದ ಮಟ್ಟದಲ್ಲೇ ಸಾಗಿದರೂ ಕೆಳಗೆ ಮಣ್ಣಿಲ್ಲದ ಕಾರಣ ಗಾಳಿಯಲ್ಲಿರುವಂತೆ ಕಾಣುತ್ತಿತ್ತು. ಈಗ ತೊಂದರೆ ಬೇರೆ ಬಗೆಯದು. ಕುಳಿಯ ಮುಂದಿನ ಅಂಚಿಗೆ ಬೆರಳ ತುದಿ ತಗುಲಿ ಪಾದ ಎಡವುತ್ತದೆ. ದೂರದಿಂದ ನೋಡುವವರಿಗೆ ಅದು ರೀಪ್ಲಾಂಟ್ ಆದಂತೆಯೇ ತೋರುತ್ತದೆ. ಪಿಚರ್‌ಳ ಕಣಕಾಲಿಗೂ ಅಪಾಯ. ಅದಕ್ಕೆ ಪರಿಹಾರ ಸರಳ. ಒದ್ದೆ ಜೇಡಿಮಣ್ಣು ತುಂಬಿ, ಗುದ್ದುಕೋಲಿನಿಂದ ಗಟ್ಟಿಯಾಗಿ ಬಡಿದು, ಮೇಲೆ ಒಣ ಮಣ್ಣು ಎಳೆಯಬೇಕು. ಬರೀ ಒಣ ಮಣ್ಣನ್ನು ಕಾಲಿನಿಂದ ತಳ್ಳಿ ಮುಚ್ಚಿದರೆ ನಾಲ್ಕು ಎಸೆತಕ್ಕೆ ಮತ್ತೆ ಕುಳಿ.

24 ಅಂಗುಲದ ದಾರಿ ಮತ್ತು ಕೈಗಳು

ಪ್ಲೇಟಿನ ಎರಡು ತುದಿಗಳಿಂದ ಹೋಮ್ ಪ್ಲೇಟಿನ ಕಡೆಗೆ ನೇರವಾಗಿ ಎರಡು ಗೆರೆ ಎಳೆದಂತೆ ಊಹಿಸಿಕೊಳ್ಳಿ. ನಡುವೆ ಇರುವ 24 ಅಂಗುಲದ ಪಟ್ಟಿಯೊಳಗೆ ಪಿಚರ್‌ಳ ಹೆಜ್ಜೆ ಸಾಗಬೇಕು. ಕರ್ವ್ ಅಥವಾ ಸ್ಕ್ರೂಬಾಲ್ (ಪಕ್ಕಕ್ಕೆ ತಿರುಗುವ ಎಸೆತಗಳು) ಎಸೆಯುವವರಿಗೆ ಇಲ್ಲಿ ಆಸೆ ಹುಟ್ಟುತ್ತದೆ. ಕಾಲನ್ನು ಒಂದು ಪಕ್ಕಕ್ಕೆ ಹಾಕಿದರೆ ಚೆಂಡು ಹೊರಡುವ ಕೋನ ಅಗಲವಾಗುತ್ತದೆ, ಬ್ಯಾಟರ್‌ಗೆ ತಿರುವು ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ. ಎಷ್ಟೋ ಸಲ ಇದು ಜಾಣತನವಲ್ಲ, ಸೊಂಟ ಬೇಗ ತೆರೆದುಕೊಂಡದ್ದರ ಪರಿಣಾಮ. ಪ್ಲೇಟಿನ ತೀರಾ ತುದಿಯಲ್ಲಿ ನಿಂತು ಶುರುಮಾಡುವವರಲ್ಲಿ ಹೆಚ್ಚು. ಅವರಿಗೆ ಗೆರೆ ಮೀರಲು ಎರಡು ಅಂಗುಲ ತಪ್ಪಿದರೂ ಸಾಕು.

ಇದನ್ನು ನೋಡಲು ಅತ್ಯುತ್ತಮ ಜಾಗ ಪ್ಲೇಟ್ ಅಂಪೈರಿನದು. ಅವರು ಕ್ಯಾಚರ್‌ಳ ಹಿಂದೆ ಪಟ್ಟಿಗೆ ಎದುರಾಗಿ ನಿಂತಿರುತ್ತಾರೆ. ತೊಂದರೆ ಏನೆಂದರೆ ಮುಂಗಾಲು ಇಳಿಯುವ ಹೊತ್ತಿಗೂ ಚೆಂಡು ಕೈಬಿಡುವ ಹೊತ್ತಿಗೂ ನಡುವೆ ಎಡೆಯೇ ಇಲ್ಲ. ಕಾಲು ನೋಡುತ್ತ ಉಳಿದರೆ ಸ್ಟ್ರೈಕ್ (ಬ್ಯಾಟರ್ ವಿರುದ್ಧದ ಎಣಿಕೆ, ಮೂರಾದರೆ ಔಟ್) ಯಾವುದು ಬಾಲ್ ಯಾವುದು ಎಂಬುದು ತಪ್ಪುತ್ತದೆ. ಹಾಗಾಗಿ ಪ್ಲೇಟ್ ಅಂಪೈರ್ ಕಾಲು ಬಿದ್ದ ಜಾಗವನ್ನು ಎಸೆತ ಮುಗಿದ ಮೇಲೆ, ಪಿಚರ್ ಇನ್ನೂ ಅಲ್ಲೇ ನಿಂತಿರುವಾಗ, ಪ್ಲೇಟಿನ ತುದಿಗೆ ಹೋಲಿಸಿ ನೋಡಿಕೊಳ್ಳಬೇಕು. ಇಡೀ ಪಾದ ಗೆರೆಯಾಚೆ ಇದ್ದರೆ ಅನುಮಾನಕ್ಕೆ ಎಡೆಯಿಲ್ಲ. ಮುಂದಿನ ಸಲ ಅದೇ ಕಾಲು ಅದೇ ಕಡೆ ಹೊರಟಾಗ ಅಂಚುಗಣ್ಣಿಗೆ ತಾನಾಗಿ ಸಿಗುತ್ತದೆ.

ಕೈಗಳ ತಪ್ಪು ಸಣ್ಣದೆಂದು ಕಾಣುತ್ತದೆ, ಬ್ಯಾಟರ್‌ಗೆ ಮೋಸವಾಗುವುದು ಇಲ್ಲೂ ಉಂಟು. ಕೈಗಳನ್ನು ಕೂಡಿಸಿಕೊಂಡೇ ಪ್ಲೇಟಿನ ಮೇಲೆ ಬರುವುದು, ಸನ್ನೆ ನೋಡದೆ ನೇರ ಎಸೆಯುವುದು, ಒಮ್ಮೆ ಕೂಡಿಸಿ ಬಿಡಿಸಿ ಮತ್ತೆ ಕೂಡಿಸುವುದು. ಮೂರೂ ಬ್ಯಾಟರ್‌ಳ ಸಿದ್ಧತೆಯನ್ನು ಕೆಡಿಸುತ್ತವೆ. ಇವನ್ನು ಹಿಡಿಯುವುದು ಅತ್ಯಂತ ಸುಲಭ, ಆಟ ನಿಧಾನವಾಗಿರುವಾಗ ನಡೆಯುತ್ತವೆ. ಬೆರಳಿಗೆ, ಚೆಂಡಿಗೆ ಹೊರಗಿನ ಪದಾರ್ಥ ಹಚ್ಚುವುದು ಇನ್ನೊಂದು ಅಧ್ಯಾಯ. ಕೈ ಒಣಗಿಸಿಕೊಳ್ಳಲು ರೋಸಿನ್ ಪುಡಿಗೆ ಅವಕಾಶವಿದೆ ಎಂಬುದಷ್ಟು ಇಲ್ಲಿ ಸಾಕು.

ಯಾರು ಎಲ್ಲಿ ನೋಡಬೇಕು

ಮೂವರು ಅಂಪೈರ್‌ಗಳಿರುವ ಪಂದ್ಯ ತೆಗೆದುಕೊಳ್ಳೋಣ. ಒಬ್ಬರು ಪ್ಲೇಟಿನ ಹಿಂದೆ, ಒಬ್ಬರು ಮೊದಲ ಬೇಸಿನ ಕಡೆ, ಒಬ್ಬರು ಮೂರನೇ ಬೇಸಿನ ಕಡೆ. ಬಲಗೈ ಪಿಚರ್‌ಳ ಪಿವಟ್ ಕಾಲು ಬಲಗಾಲು, ಅದು ಮೂರನೇ ಬೇಸಿನ ಕಡೆಗಿರುತ್ತದೆ. ಎಸೆಯುವಾಗ ಅವಳ ಸೊಂಟ ತೆರೆದುಕೊಳ್ಳುವುದೂ ಅದೇ ಕಡೆಗೆ. ಹಾಗಾಗಿ ಮೂರನೇ ಬೇಸಿನ ಅಂಪೈರಿಗೆ ಹಿಂಗಾಲು ಅಡೆತಡೆಯಿಲ್ಲದೆ ಕಾಣುತ್ತದೆ. ಮೊದಲ ಬೇಸಿನವರಿಗೆ ಶುರುವಿನಲ್ಲಿ ಎಡಗಾಲು ಅಡ್ಡಬರುತ್ತದೆ, ಅದು ಮುಂದೆ ಹೋದ ಮೇಲೆ ಮಾತ್ರ ಹಿಂಗಾಲು ಬಯಲಾಗುತ್ತದೆ. ಎಡಗೈ ಪಿಚರ್ ಬಂದರೆ ಎಲ್ಲ ತಿರುವುಮುರುವು. ಪಿಚರ್ ಬದಲಾದಾಗ ಈ ಲೆಕ್ಕವೂ ಬದಲಾಗಬೇಕು, ಬಹಳ ಅಂಪೈರ್ ತಂಡಗಳು ಇಲ್ಲಿ ಮರೆಯುತ್ತವೆ.

ರನ್ನರ್ ಬೇಸಿಗೆ ಬಂದಾಗ ಬೇಸ್ ಅಂಪೈರ್‌ಗಳಲ್ಲಿ ಒಬ್ಬರು ಒಳಕ್ಕೆ, ಪಿಚರ್‌ಳ ಹಿಂಬದಿಯ ಕಡೆಗೆ ಬರುತ್ತಾರೆ. ಆ ಕೋನದಿಂದ ರೀಪ್ಲಾಂಟ್ ಕಷ್ಟ, ಏಕೆಂದರೆ ಮುಂದೆ ಹಿಂದೆ ಎಷ್ಟು ದೂರ ಎಂಬುದು ಹಿಂದಿನಿಂದ ತಿಳಿಯುವುದಿಲ್ಲ. ಜೊತೆಗೆ ಅವರು ರನ್ನರ್ ಬೇಸು ಬೇಗ ಬಿಟ್ಟಳೇ ಎಂಬುದನ್ನೂ ನೋಡಬೇಕು. ಹೀಗಾಗಿಯೇ ಒಂದು ವಿಚಿತ್ರ ನಡೆಯುತ್ತದೆ: ಬೇಸು ಖಾಲಿ ಇದ್ದಾಗ ಹಿಡಿದ ತಪ್ಪನ್ನು ರನ್ನರ್ ಬಂದಮೇಲೆ ಯಾರೂ ಹಿಡಿಯುವುದಿಲ್ಲ. ಹೊರಗಿನವರಿಗೆ ಇದು ಹೆದರಿಕೆಯಂತೆ ಕಾಣುತ್ತದೆ. ಹಲವು ಸಲ ಕಾರಣ ಜಾಗವಷ್ಟೇ. ಪಂದ್ಯಕ್ಕೆ ಮೊದಲಿನ ಮಾತುಕತೆಯಲ್ಲಿ, ರನ್ನರ್ ಇದ್ದಾಗ ಹಿಂಗಾಲು ಯಾರದು, ರನ್ನರ್ ಯಾರದು ಎಂದು ಹೆಸರು ಹಿಡಿದು ಹಂಚಿಕೊಳ್ಳಬೇಕು. ಗೆರೆಯ ಬಳಿಯೇ ಉಳಿದವರು ಹಿಂಗಾಲು ನೋಡುವುದು, ಒಳಗೆ ಬಂದವರು ರನ್ನರ್ ನೋಡುವುದು ಕೆಲಸಕ್ಕೆ ಬರುವ ಹಂಚಿಕೆ. ಯಾವ ಅಂಪೈರ್ ಬೇಕಾದರೂ ಇಲ್ಲೀಗಲ್ ಪಿಚ್ ಕರೆಯಬಹುದು. ‘ಅದು ಪ್ಲೇಟಿನವರ ಕೆಲಸ’ ಎಂದು ಕೈಕಟ್ಟುವಂತಿಲ್ಲ.

ಇಬ್ಬರೇ ಅಂಪೈರ್ ಇರುವಲ್ಲಿ ಇದೆಲ್ಲ ಇನ್ನಷ್ಟು ಇಕ್ಕಟ್ಟು. ಅಲ್ಲಿ ಪ್ಲೇಟ್ ಅಂಪೈರ್ ಕೈ ಮತ್ತು ಪಟ್ಟಿಯನ್ನು ಪೂರ್ತಿ ತಮ್ಮ ತಲೆಗೆ ತೆಗೆದುಕೊಂಡು, ಹಿಂಗಾಲನ್ನು ಬೇಸ್ ಅಂಪೈರಿಗೆ ಬಿಡಬೇಕು.

ಕಂಡಮೇಲೆ ಏನು ಮಾಡಬೇಕು

ತಪ್ಪು ಕಂಡ ಕ್ಷಣ ಎಡಗೈಯನ್ನು ಭುಜದ ಮಟ್ಟದಲ್ಲಿ ಪಕ್ಕಕ್ಕೆ ಚಾಚಿ ಮುಷ್ಟಿ ಹಿಡಿಯಬೇಕು, ‘ಇಲ್ಲೀಗಲ್’ ಎಂದು ಕೇಳಿಸುವಂತೆ ಹೇಳಬೇಕು. ಇದು ಡಿಲೇಡ್ ಡೆಡ್ ಬಾಲ್, ಅಂದರೆ ಆಟ ನಿಲ್ಲುವುದಿಲ್ಲ. ಬ್ಯಾಟರ್ ಬೀಸಬಹುದು, ಓಡಬಹುದು. ಆ ಆಟ ಮುಗಿದ ಮೇಲೆ ಲೆಕ್ಕ. ಅತ್ಯಂತ ಸಾಮಾನ್ಯ ತಪ್ಪು ನಡೆಯುವುದು ಇಲ್ಲಿ: ಅಂಪೈರ್ ಎರಡೂ ಕೈ ಎತ್ತಿ ಆಟ ನಿಲ್ಲಿಸಿಬಿಡುತ್ತಾರೆ. ಆಗ ಬ್ಯಾಟರ್ ಹೊಡೆಯಬಹುದಾಗಿದ್ದ ಹಿಟ್ ಅವಳಿಂದ ಕಿತ್ತುಕೊಂಡಂತೆ, ತಪ್ಪು ಮಾಡಿದ ತಂಡಕ್ಕೇ ಲಾಭ. ಎರಡನೇ ತಪ್ಪು ತಡ. ಚೆಂಡು ಹೊರಮೈದಾನಕ್ಕೆ ಹಾರಿ ಕ್ಯಾಚ್ ಆದಮೇಲೆ ಕೈ ಚಾಚಿದರೆ ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಕೈ ಚೆಂಡಿಗಿಂತ ಮೊದಲು ಏಳಬೇಕು.

ಆಟ ಮುಗಿದ ಮೇಲೆ ಬ್ಯಾಟಿಂಗ್ ತಂಡದ ಕೋಚಿಗೆ ಆಯ್ಕೆ ಇರುತ್ತದೆ: ಆದದ್ದನ್ನು ಉಳಿಸಿಕೊಳ್ಳುವುದು, ಇಲ್ಲವೇ ಅದನ್ನು ಅಳಿಸಿ ಒಂದು ಬಾಲ್ ಪಡೆಯುವುದು. ಉದಾಹರಣೆಗೆ, ಲೆಕ್ಕ 1 ಬಾಲ್, 2 ಸ್ಟ್ರೈಕ್. ಇಲ್ಲೀಗಲ್ ಪಿಚ್‌ಗೆ ಬ್ಯಾಟರ್ ಬೀಸಿ ತಪ್ಪಿದಳು. ಮೂರನೇ ಸ್ಟ್ರೈಕ್ ಆಗಬೇಕಿದ್ದದ್ದು ಅಳಿದು 2 ಬಾಲ್, 2 ಸ್ಟ್ರೈಕ್ ಆಗಿ ಅವಳ ಬ್ಯಾಟಿಂಗ್ ಮುಂದುವರಿಯುತ್ತದೆ. ಅವಳು ಚೆನ್ನಾಗಿ ಹೊಡೆದು ಮೊದಲ ಬೇಸ್ ಸೇರಿ, ಇದ್ದ ರನ್ನರ್‌ಗಳೂ ಮುಂದೆ ಹೋದರೆ ಕೇಳುವುದಕ್ಕೇ ಏನಿಲ್ಲ, ಆಟದ ಫಲವೇ ನಿಲ್ಲುತ್ತದೆ. ಚೆಂಡು ಅವಳ ಮೈಗೆ ಬಡಿದರೆ ಮೊದಲ ಬೇಸ್. ನಿಜವಾದ ಆಯ್ಕೆ ಬರುವುದು ಹೀಗೆ: ಮೂರನೇ ಬೇಸಿನಲ್ಲಿ ರನ್ನರ್, ಒಂದು ಔಟ್, ಬ್ಯಾಟರ್ ದೂರಕ್ಕೆ ಹೊಡೆದ ಚೆಂಡು ಕ್ಯಾಚ್ ಆಯಿತು, ರನ್ನರ್ ಓಡಿಬಂದು ರನ್ ಗಳಿಸಿದಳು. ಒಂದು ರನ್ ತೆಗೆದುಕೊಂಡು ಎರಡನೇ ಔಟ್ ಒಪ್ಪುವುದೇ, ಅಥವಾ ರನ್ನರ್‌ನ್ನು ಮೂರನೆಯದಕ್ಕೆ ವಾಪಸ್ ಕಳಿಸಿ ಬ್ಯಾಟರ್‌ಗೆ ಬಾಲ್ ಕೊಡಿಸುವುದೇ? ಏಳನೇ ಇನಿಂಗ್ಸಿನ ಸಮಸ್ಕೋರಿನಲ್ಲಿ ರನ್ ತೆಗೆದುಕೊಳ್ಳದವರಿಲ್ಲ. ಐದು ರನ್ ಹಿಂದಿರುವ ಕೋಚ್ ಔಟ್ ಉಳಿಸಿಕೊಳ್ಳಲು ನೋಡಬಹುದು. ಅಂಪೈರ್ ಕೋಚ್ ಬಳಿ ಹೋಗಿ ಎರಡೂ ದಾರಿಯನ್ನು ಪೂರ್ತಿ ವಾಕ್ಯದಲ್ಲಿ ಹೇಳಬೇಕು: ಎಷ್ಟು ಔಟ್, ರನ್ನರ್ ಎಲ್ಲಿ, ಲೆಕ್ಕ ಎಷ್ಟು. ಕೋಚ್ ಒಮ್ಮೆ ಹೇಳಿದ ಮೇಲೆ ಅದೇ ಕೊನೆ. ಅವಸರದಲ್ಲಿ ‘ಏನು ಬೇಕು?’ ಎಂದಷ್ಟೇ ಕೇಳಿ ಆಮೇಲೆ ಹತ್ತು ನಿಮಿಷ ವಾದಕ್ಕೆ ನಿಂತ ಪಂದ್ಯಗಳು ಕಡಿಮೆಯಿಲ್ಲ.

ಆಮೇಲೆ ಪಿಚರ್‌ಗೂ ಅವಳ ಕೋಚಿಗೂ ಯಾವ ತಪ್ಪು ಎಂದು ಒಂದೇ ಮಾತಿನಲ್ಲಿ ಹೇಳಬೇಕು. ‘ಹಿಂಗಾಲು ಮತ್ತೆ ಊರಿ ಒದೆಯಿತು.’ ‘ಮುಂಗಾಲು ಪಟ್ಟಿಯ ಹೊರಗೆ, ಮೊದಲ ಬೇಸಿನ ಕಡೆ.’ ಇಷ್ಟೇ. ಹೇಗೆ ತಿದ್ದಿಕೊಳ್ಳಬೇಕೆಂದು ಅಂಪೈರ್ ಕಲಿಸಬಾರದು. ‘ಏನೋ ಸರಿಯಿಲ್ಲ’ ಎಂಬಂಥ ಮಾತು ಬಾಯಿಗೆ ಬಂದರೆ ಆ ಕರೆಯನ್ನೇ ಮಾಡಬಾರದಿತ್ತು ಎಂದರ್ಥ. ಯಾವ ಭಾಗ ತಪ್ಪಿತೆಂದು ಹೆಸರಿಸಲಾಗದಿದ್ದರೆ ಕಂಡದ್ದು ತಪ್ಪಲ್ಲ, ಅಪರಿಚಿತ ಶೈಲಿ.

ಮೊದಲ ಸಲ ಎಚ್ಚರಿಕೆ ಕೊಟ್ಟು ಬಿಡಬಾರದೇ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಬಹಳ ಜನ ಹಾಗೆ ಮಾಡುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ. ಆದರೆ ಆ ಎಸೆತಕ್ಕೆ ಬೀಸಿ ತಪ್ಪಿದ ಬ್ಯಾಟರ್‌ಗೆ ಸ್ಟ್ರೈಕ್ ಉಳಿಯುತ್ತದಲ್ಲ. ಎಚ್ಚರಿಕೆಯ ಖರ್ಚು ಅವಳ ತಲೆಗೆ ಬರುತ್ತದೆ. ಈಗಿನ ದಂಡವೇ ಎಚ್ಚರಿಕೆಯಷ್ಟು ಹಗುರ: ಒಂದು ಬಾಲ್. ಮೊದಲ ಇನಿಂಗ್ಸಿನಲ್ಲಿ ಎರಡು ಬಾಲ್ ಕಳೆದುಕೊಂಡ ಪಿಚರ್‌ಗೆ ತಿದ್ದಿಕೊಳ್ಳಲು ಇನ್ನೂ ಆರು ಇನಿಂಗ್ಸ್ ಇರುತ್ತದೆ. ಆರನೆಯದರವರೆಗೆ ಬಿಟ್ಟು ಆಮೇಲೆ ಹಿಡಿದರೆ ಅವಳಿಗೆ ಆಗುವುದೇ ಅನ್ಯಾಯ. ಅಲ್ಲಿಯವರೆಗೆ ಅದೇ ಸರಿ ಎಂದು ಅಂಪೈರೇ ಒಪ್ಪಿಕೊಂಡಂತಿತ್ತು.

ಎದುರು ತಂಡದ ಕೋಚುಗಳ ಒತ್ತಡವೂ ಇದೆ. ಪಂದ್ಯಕ್ಕೆ ಮೊದಲೇ ‘ಅವಳ ಕಾಲು ನೋಡಿ’ ಎಂದು ಹೇಳಿಹೋಗುವವರಿದ್ದಾರೆ, ಮೊಬೈಲಿನಲ್ಲಿ ವಿಡಿಯೋ ತೋರಿಸಲು ಬರುವವರೂ ಇದ್ದಾರೆ. ವಿಡಿಯೋ ನೋಡಬಾರದು. ಹೋದ ವಾರದ ಎಸೆತಕ್ಕೆ ಇವತ್ತು ದಂಡವಿಲ್ಲ. ಹಾಗೆಂದು ಹೇಳಿದವರ ಮೇಲಿನ ಸಿಟ್ಟಿಗೆ ನೋಡದೆ ಬಿಡುವುದೂ ತಪ್ಪು. ಎರಡೂ ತಂಡದ ಪಿಚರ್‌ಗಳನ್ನು ಅದೇ ಕ್ರಮದಲ್ಲಿ, ಪ್ಲೇಟು, ಕೈ, ಹಿಂಗಾಲು, ಮುಂಗಾಲು ಎಂದು ಪ್ರತಿ ಎಸೆತಕ್ಕೂ ನೋಡುವವರಿಗೆ ಯಾರು ಏನೇ ಹೇಳಲಿ, ನೋಟ ಬದಲಾಗುವುದಿಲ್ಲ.

ಅಭ್ಯಾಸದಲ್ಲಿ ತಿದ್ದುವುದು

ಕ್ರೋ ಹಾಪ್ ಹೆಚ್ಚಾಗಿ ಹುಟ್ಟುವುದು ಅಭ್ಯಾಸದಲ್ಲಿ. ನಡೆದುಕೊಂಡು ಬಂದು, ಓಡಿಬಂದು ಎಸೆಯುವ ವಾಕ್ ಥ್ರೂ ಡ್ರಿಲ್ ವೇಗ ಹೆಚ್ಚಿಸಲು ಜನಪ್ರಿಯ. ಅದರಲ್ಲಿ ಹಿಂಗಾಲು ಊರಿ ಒದೆಯುವುದೇ ಚಲನೆಯ ತಿರುಳು. ದಿನವೂ ಐವತ್ತು ಸಲ ಹಾಗೆ ಎಸೆದವಳ ದೇಹ ಪಂದ್ಯದ ದಿನ ಬೇರೆ ಮಾಡಲಾರದು. ಡ್ರಿಲ್ ಬೇಕೇ ಬೇಕೆನ್ನುವ ಕೋಚ್, ಅದು ಮುಗಿದ ಕೂಡಲೇ ಪ್ಲೇಟಿನ ಮೇಲೆ ನಿಂತು ಎಸೆಯುವ ಅಷ್ಟೇ ಎಸೆತ ಮಾಡಿಸಬೇಕು. ಎರಡನೇ ಕಾರಣ ಮೇಲಕ್ಕೆ ಚಿಮ್ಮುವುದು: ಒದೆತ ಮುಂದಕ್ಕೆ ಹೋಗದೆ ಎತ್ತರಕ್ಕೆ ಹೋದರೆ ಇಳಿಯುವಾಗ ಹಿಂಗಾಲು ಮೊದಲು ನೆಲಕ್ಕೆ ಬರುತ್ತದೆ. ಮೂರನೆಯದು ತೋಳು ತಡವಾಗುವುದು. ನಾಲ್ಕನೆಯದು ದಣಿವು. ತೊಡೆ ಸೋತ ಮೇಲೆ ಪ್ಲೇಟಿನಿಂದ ಬೇಕಾದಷ್ಟು ಬಲ ಬರುವುದಿಲ್ಲ, ದೇಹ ಅದನ್ನು ಮುಂದೆ ಇನ್ನೊಂದು ಕಡೆ ಹುಡುಕುತ್ತದೆ. ಐದನೇ ಇನಿಂಗ್ಸಿನ ನಂತರವಷ್ಟೇ ತಪ್ಪು ಕಾಣಿಸುವ ಪಿಚರ್‌ಗೆ ಬೇಕಾದದ್ದು ಕಾಲಿನ ಬಲ, ತಂತ್ರದ ಪಾಠವಲ್ಲ.

ಪರೀಕ್ಷಿಸಲು ಮೊಬೈಲ್ ಸಾಕು. ಸೆಕೆಂಡಿಗೆ 240 ಚಿತ್ರ ತೆಗೆಯುವ ನಿಧಾನಗತಿಯ ವಿಧಾನ ಹಾಕಿ. ಒಂದೊಂದು ಚಿತ್ರದ ನಡುವೆ ಸುಮಾರು 4 ಮಿಲಿಸೆಕೆಂಡು. ಬಲಗೈ ಪಿಚರ್ ಆದರೆ ಮೂರನೇ ಬೇಸಿನ ಕಡೆ, ಎಸೆತದ ದಿಕ್ಕಿಗೆ ಲಂಬವಾಗಿ, ಮಂಡಿಯ ಎತ್ತರದಲ್ಲಿ ಇಡಿ. ಪ್ಲೇಟೂ ಅದರ ಮುಂದಿನ ಎಂಟು ಅಡಿ ನೆಲವೂ ಚೌಕಟ್ಟಿನಲ್ಲಿರಬೇಕು. ನಿಂತ ಎತ್ತರದಿಂದ ತೆಗೆದರೆ ಪಾದ ನೆಲಕ್ಕೆ ತಾಗಿತೇ ಇಲ್ಲವೇ ಗೊತ್ತಾಗುವುದಿಲ್ಲ. ಆಮೇಲೆ ಒಂದೊಂದೇ ಚಿತ್ರ ಸರಿಸುತ್ತ ಮುಂಗಾಲು ನೆಲ ಮುಟ್ಟಿದ ಚಿತ್ರ ಹುಡುಕಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಪ್ಲೇಟು ಬಿಟ್ಟ ಮೇಲೆ ಹಿಂಗಾಲಿನ ಮಂಡಿ ಒಮ್ಮೆ ನೇರವಾಗಿ ಮತ್ತೆ ಬಾಗಿದ್ದರೆ, ಆ ಹೊತ್ತಿಗೆ ಪಾದ ನೆಲದ ಮೇಲಿದ್ದರೆ, ಅದು ರೀಪ್ಲಾಂಟ್. ಪಟ್ಟಿಯನ್ನು ನೋಡಲು ಕ್ಯಾಮೆರಾ ಹೋಮ್ ಪ್ಲೇಟಿನ ಹಿಂದೆ, ನೆಲದ ಮೇಲೆ 24 ಅಂಗುಲ ಅಂತರದಲ್ಲಿ ಎರಡು ಸುಣ್ಣದ ಗೆರೆ.

ನಮ್ಮ ಕಡೆಯ ಶಾಲಾ, ವಿಶ್ವವಿದ್ಯಾಲಯ ಮಟ್ಟದ ಸಾಫ್ಟ್‌ಬಾಲಿನವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಬೇಸ್‌ಬಾಲ್, ಸಾಫ್ಟ್‌ಬಾಲ್ ಆಟಗಳ ಅಂತರರಾಷ್ಟ್ರೀಯ ಸಂಸ್ಥೆ ಡಬ್ಲ್ಯುಬಿಎಸ್‌ಸಿಯ ನಿಯಮದಲ್ಲೂ ಮಹಿಳೆಯರ ಪಿಚಿಂಗ್ ದೂರ 43 ಅಡಿಯೇ, ಪುರುಷರಿಗೆ 46. ಕಾಲಿನ ಗಣಿತ ಎರಡೂ ಕಡೆ ಒಂದೇ. ಆದರೆ ಅಮೆರಿಕದ ಕಾಲೇಜು ಪುಸ್ತಕ ಬೇರೆ, ಅಲ್ಲಿನ ಹೈಸ್ಕೂಲು ಪುಸ್ತಕ ಬೇರೆ, ಡಬ್ಲ್ಯುಬಿಎಸ್‌ಸಿ ಪುಸ್ತಕ ಬೇರೆ. ಕೈಗಳನ್ನು ಎಷ್ಟು ಹೊತ್ತು ಕೂಡಿಸಬೇಕು, ಮುಂಗಾಲು ಶುರುವಿನಲ್ಲಿ ಎಲ್ಲಿರಬೇಕು ಎಂಬಂಥ ವಿವರಗಳು ಒಂದರಲ್ಲಿದ್ದಂತೆ ಇನ್ನೊಂದರಲ್ಲಿ ಇಲ್ಲ. ಕಾಲೇಜು ಪುಸ್ತಕ ಎರಡು ವರ್ಷಕ್ಕೊಮ್ಮೆ ಹೊಸದಾಗಿ ಬರುತ್ತದೆ. ಯೂಟ್ಯೂಬಿನಲ್ಲಿ ಅಮೆರಿಕದ ಕಾಲೇಜು ಪಂದ್ಯ ನೋಡಿ ಕಲಿತ ಪಿಚರ್‌ನ್ನು ಟೂರ್ನಿಗೆ ಕಳಿಸುವ ಮೊದಲು, ಆ ಟೂರ್ನಿ ನಡೆಯುವುದು ಯಾವ ಪುಸ್ತಕದ, ಯಾವ ವರ್ಷದ ಆವೃತ್ತಿಯ ಮೇಲೆ ಎಂದು ಸಂಘಟಕರನ್ನು ಕೇಳಿ ಬರೆಸಿಕೊಳ್ಳಿ. ಅಂಪೈರ್‌ಗಳೂ ಅದೇ ಆವೃತ್ತಿಯ ಪಿಚಿಂಗ್ ಅಧ್ಯಾಯವನ್ನು ಪಂದ್ಯದ ಹಿಂದಿನ ರಾತ್ರಿ ಒಟ್ಟಿಗೆ ಕೂತು ಓದಿ, ಯಾವ ತಪ್ಪನ್ನು ಯಾರು ನೋಡುವುದೆಂದು ಅಲ್ಲೇ ಹಂಚಿಕೊಳ್ಳಲಿ.